ಮೆಮೊರಿ ಖಾಲಿ ಇದ್ದರೂ ಕ್ಯಾಮೆರಾ ತೆರೆಯುವುದಿಲ್ಲ ಏಕೆ? ಡೊಂಬಿವಲಿ ಲೋಕಲ್‌ನಲ್ಲಿದೆ ಉತ್ತರ!

ಸಂಜೆ ಏಳೂವರೆ. ಡೊಂಬಿವಲಿ ನಿಲ್ದಾಣದಲ್ಲಿ ಲೋಕಲ್‌ನಿಂದ ಇಳಿದು, ನೂಕುನುಗ್ಗಲು ದಾಟಿ ಹೊರಬರುತ್ತೀರಿ. ಊರಲ್ಲಿರುವ ಅಮ್ಮನಿಗೆ ಒಂದು ವಿಡಿಯೊ ಕಾಲ್ ಮಾಡೋಣವೆಂದು ಫೋನ್ ತೆಗೆದರೆ, 'ಕ್ಯಾಮೆರಾ ತೆರೆಯಲಾಗುತ್ತಿಲ್ಲ' ಎಂಬ ಸಂದೇಶ. ಸೆಟ್ಟಿಂಗ್ಸ್‌ನಲ್ಲಿ ನೋಡಿದರೆ ಇನ್ನೂ ನೂರಾರು ಎಂಬಿ ಮೆಮೊರಿ ಖಾಲಿ ಇದೆ! ಫೋನ್ ಆಫ್ ಮಾಡಿ ಆನ್ ಮಾಡಿದರೆ ಕ್ಯಾಮೆರಾ ಏನೂ ಆಗಿಲ್ಲವೆಂಬಂತೆ ತೆರೆದುಕೊಳ್ಳುತ್ತದೆ.

ಕಡಿಮೆ ಬೆಲೆಯ ಹಳೆಯ ಫೋನ್ ಬಳಸಿದವರಿಗೆ ಇಂಥ ಅನುಭವ ಹೊಸದಲ್ಲ. ಇದಕ್ಕೆ ಕಾರಣಗಳು ಹಲವು ಇರಬಹುದು. ಆದರೆ ಬಹಳ ಜನರಿಗೆ ಗೊತ್ತಿಲ್ಲದ ಒಂದು ಕಾರಣವಿದೆ. ಮೆಮೊರಿ 'ಎಷ್ಟು' ಖಾಲಿ ಇದೆ ಎಂಬುದಷ್ಟೇ ಮುಖ್ಯವಲ್ಲ, ಅದು 'ಹೇಗೆ' ಖಾಲಿ ಇದೆ ಎಂಬುದೂ ಮುಖ್ಯ. ಇನ್ನೂ ಮುಖ್ಯವಾದದ್ದು, ಆ ಮೆಮೊರಿಯನ್ನು ಯಾರು, ಯಾವ ರೀತಿಯಲ್ಲಿ ಕೇಳುತ್ತಾರೆ ಎಂಬುದು. ಹಾರ್ಡ್‌ವೇರ್ ಡ್ರೈವರ್‌ಗಳು ಮೆಮೊರಿ ಕೇಳುವ ಈ ವ್ಯವಸ್ಥೆಯನ್ನು ಸರಿಯಾಗಿ ರೂಪಿಸಲು ಜಗತ್ತಿನ ಎಂಜಿನಿಯರ್‌ಗಳು ಹತ್ತಾರು ವರ್ಷ ತಲೆ ಕೆಡಿಸಿಕೊಂಡಿದ್ದಾರೆ. ಅದರಲ್ಲಿ ಭಾರತೀಯರೊಬ್ಬರ ದೊಡ್ಡ ಪಾಲೂ ಇದೆ. ಏನಿದು ಕಥೆ? ಸರಳವಾಗಿ ತಿಳಿಯೋಣ ಬನ್ನಿ.

ಡ್ರೈವರ್ ಎಂದರೆ ಯಾರು?

ಫೋನ್ ಅಥವಾ ಕಂಪ್ಯೂಟರ್‌ನಲ್ಲಿ ಕ್ಯಾಮೆರಾ, ಪರದೆ, ವೈಫೈ, ಧ್ವನಿ, ವಿಡಿಯೊ ಚಿಪ್ ಹೀಗೆ ಹಲವು ಸಾಧನಗಳಿರುತ್ತವೆ. ಪ್ರತಿಯೊಂದಕ್ಕೂ ಕೆಲಸ ಹೇಳುವ, ಅದರಿಂದ ಉತ್ತರ ಪಡೆಯುವ ಪುಟ್ಟ ತಂತ್ರಾಂಶವೇ ಡಿವೈಸ್ ಡ್ರೈವರ್. ಇದು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ 'ಕರ್ನಲ್' ಒಳಗೆ ಕೆಲಸ ಮಾಡುತ್ತದೆ. ಆಂಡ್ರಾಯ್ಡ್ ಫೋನ್‌ಗಳಲ್ಲಿರುವುದು ಲಿನಕ್ಸ್ ಕರ್ನಲ್.

ಕ್ಯಾಮೆರಾ ಒಂದು ಚಿತ್ರ ಸೆರೆಹಿಡಿದಾಗ ಅದರ ಪ್ರತಿ ಚುಕ್ಕಿಯನ್ನೂ ಪ್ರೊಸೆಸರ್ ಕೈಯಾರೆ ಎತ್ತಿ ಮೆಮೊರಿಗೆ ಹಾಕುತ್ತಾ ಕೂತರೆ ಬೇರೆ ಕೆಲಸವೇ ನಡೆಯುವುದಿಲ್ಲ. ಹಾಗಾಗಿ ಸಾಧನಗಳು ಪ್ರೊಸೆಸರ್‌ನ ಸಹಾಯವಿಲ್ಲದೆ ನೇರವಾಗಿ ಮೆಮೊರಿಗೆ ಬರೆಯುತ್ತವೆ, ಮೆಮೊರಿಯಿಂದ ಓದುತ್ತವೆ. ಇದಕ್ಕೆ ಡಿಎಂಎ, ಅಂದರೆ ಡೈರೆಕ್ಟ್ ಮೆಮೊರಿ ಆಕ್ಸೆಸ್ ಎಂದು ಹೆಸರು. ಡ್ರೈವರ್ ಮಾಡಬೇಕಾದದ್ದು ಇಷ್ಟೇ: ಒಂದಿಷ್ಟು ಜಾಗ ಕೇಳಿ ಪಡೆಯುವುದು, 'ಇಗೋ, ಈ ವಿಳಾಸದಿಂದ ಬರೆಯಲು ಶುರು ಮಾಡು' ಎಂದು ಸಾಧನಕ್ಕೆ ಹೇಳುವುದು.

ಕೇಳಲು ಸುಲಭ. ತೊಡಕು ಶುರುವಾಗುವುದೇ ಇಲ್ಲಿಂದ.

ಐದು ಸೀಟು ಬೇಕು, ಅದೂ ಒಂದೇ ಸಾಲಿನಲ್ಲಿ!

ಮಧ್ಯಾಹ್ನದ ಹೊತ್ತು ಕಲ್ಯಾಣ್‌ನಿಂದ ಹೊರಟ ಲೋಕಲ್ ಗಾಡಿಯನ್ನು ನೆನಪಿಸಿಕೊಳ್ಳಿ. ಬೋಗಿಯಲ್ಲಿ ಹತ್ತು ಹದಿನೈದು ಸೀಟು ಖಾಲಿ ಇವೆ. ಡೊಂಬಿವಲಿಯಲ್ಲಿ ಐದು ಜನರ ಒಂದು ಕುಟುಂಬ ಹತ್ತುತ್ತದೆ. ಅವರಿಗೆ ಅಕ್ಕಪಕ್ಕದಲ್ಲೇ ಐದು ಸೀಟು ಬೇಕು. ಆದರೆ ಖಾಲಿ ಇರುವುದು ಇಲ್ಲೊಂದು, ಅಲ್ಲೊಂದು, ಕಿಟಕಿ ಬಳಿ ಮತ್ತೊಂದು. ಸೀಟು ಇವೆ, ಆದರೆ ಅವರಿಗೆ ಬೇಕಾದಂತೆ ಇಲ್ಲ.

ಮೆಮೊರಿಯಲ್ಲೂ ಆಗುವುದು ಇದೇ. ಲಿನಕ್ಸ್ ಸಾಮಾನ್ಯವಾಗಿ ಮೆಮೊರಿಯನ್ನು 4 ಕೆಬಿ ಗಾತ್ರದ 'ಪುಟ'ಗಳಾಗಿ ವಿಂಗಡಿಸಿಕೊಳ್ಳುತ್ತದೆ. 512 ಎಂಬಿ ಮೆಮೊರಿ ಎಂದರೆ 1,31,072 ಪುಟಗಳು. ವಾಟ್ಸಾಪ್, ಬ್ರೌಸರ್‌ನಂತಹ ಸಾಮಾನ್ಯ ಆ್ಯಪ್‌ಗಳಿಗೆ ಪುಟಗಳು ಎಲ್ಲೆಲ್ಲಿ ಸಿಕ್ಕರೂ ಪರವಾಗಿಲ್ಲ. ಚದುರಿದ ಪುಟಗಳನ್ನು ಒಂದೇ ಸಾಲಿನಲ್ಲಿರುವಂತೆ ಆ್ಯಪ್‌ಗೆ ತೋರಿಸುವ ಏರ್ಪಾಡು ಪ್ರೊಸೆಸರ್‌ನಲ್ಲೇ ಇದೆ. ಆದರೆ ಅನೇಕ ಸಾಧನಗಳಿಗೆ ಆ ಸೌಲಭ್ಯ ಇರುವುದಿಲ್ಲ. ಅವುಗಳಿಗೆ ಗೊತ್ತಿರುವುದು ಒಂದು ಆರಂಭದ ವಿಳಾಸ ಮತ್ತು ಒಂದು ಉದ್ದ, ಅಷ್ಟೇ. ಹಾಗಾಗಿ ಜಾಗ ನಿಜವಾಗಿಯೂ ಒಂದಕ್ಕೊಂದು ತಾಗಿಕೊಂಡೇ ಇರಬೇಕು.

ಒಂದು ಸಣ್ಣ ಲೆಕ್ಕ ಮಾಡೋಣ. 1920 ಅಡ್ಡ, 1080 ಉದ್ದದ ಫುಲ್ ಎಚ್‌ಡಿ ವಿಡಿಯೊದ ಒಂದು ಫ್ರೇಮ್‌ಗೆ, ಪ್ರತಿ ಚುಕ್ಕಿಗೆ ಒಂದೂವರೆ ಬೈಟ್‌ನಂತೆ ಹಿಡಿದರೆ, 31,10,400 ಬೈಟ್ ಬೇಕು. ಅಂದರೆ 760 ಪುಟಗಳು, ಒಂದೇ ಸಾಲಿನಲ್ಲಿ. ಒಂದು ಫ್ರೇಮ್ ತುಂಬುವಾಗ ಇನ್ನೊಂದು ಪರದೆಗೆ ಹೋಗಬೇಕು, ಮತ್ತೊಂದು ಸಂಕುಚಿತಗೊಳ್ಳಬೇಕು. ಹೀಗೆ 8 ಫ್ರೇಮ್‌ಗಳ ಜಾಗ ಇಟ್ಟುಕೊಂಡರೆ ಸುಮಾರು 25 ಎಂಬಿ.

ಲಿನಕ್ಸ್‌ನ ಮೂಲ ಹಂಚಿಕೆದಾರ ಪುಟಗಳನ್ನು 1, 2, 4, 8 ಹೀಗೆ ಇಮ್ಮಡಿಯಾಗುತ್ತಾ ಹೋಗುವ ಗುಂಪುಗಳಲ್ಲಿ ಕೊಡುತ್ತದೆ. ಸಾಮಾನ್ಯವಾಗಿ ಅತಿದೊಡ್ಡ ಗುಂಪು 1,024 ಪುಟಗಳದ್ದು, ಅಂದರೆ 4 ಎಂಬಿ. 760 ಪುಟ ಕೇಳಿದರೂ 1,024ರ ಗುಂಪನ್ನೇ ಒಡೆಯಬೇಕು. ಫೋನ್ ಆನ್ ಮಾಡಿದ ತಕ್ಷಣ ಇಂಥ ದೊಡ್ಡ ಗುಂಪುಗಳು ಬೇಕಾದಷ್ಟಿರುತ್ತವೆ. ನಾಲ್ಕು ದಿನ ಬಳಸಿದ ಮೇಲೆ ಎಲ್ಲವೂ ಚೂರುಚೂರು. ರೀಸ್ಟಾರ್ಟ್ ಮಾಡಿದರೆ ಕ್ಯಾಮೆರಾ ತೆರೆಯುವ ಗುಟ್ಟು ಇಲ್ಲಿದೆ. ಕಾರ್‌ಶೆಡ್‌ನಿಂದ ಖಾಲಿ ಗಾಡಿ ಹೊಸದಾಗಿ ಪ್ಲಾಟ್‌ಫಾರ್ಮಿಗೆ ಬಂದಂತೆ!

ಮೊದಲ ದಾರಿ: ಪ್ರತ್ಯೇಕ ಬೋಗಿ

ಇದಕ್ಕೆ ಎಂಜಿನಿಯರ್‌ಗಳು ಮೊದಲು ಕಂಡುಕೊಂಡ ಪರಿಹಾರ ಬಹಳ ನೇರವಾದದ್ದು. ಫೋನ್ ಶುರುವಾಗುವಾಗಲೇ ಒಂದಿಷ್ಟು ಮೆಮೊರಿಯನ್ನು ಕ್ಯಾಮೆರಾ ಮತ್ತು ವಿಡಿಯೊಗಾಗಿ ಬೇರೆ ತೆಗೆದಿಡುವುದು. ಉಳಿದವರು ಅದನ್ನು ಮುಟ್ಟುವಂತಿಲ್ಲ.

ಲೋಕಲ್‌ನ ಫಸ್ಟ್ ಕ್ಲಾಸ್ ಬೋಗಿಯಂತೆ ಇದು. ಪಕ್ಕದ ಸೆಕೆಂಡ್ ಕ್ಲಾಸ್‌ನಲ್ಲಿ ಜನ ಬಾಗಿಲಿಗೆ ನೇತಾಡುತ್ತಿದ್ದರೂ ಇಲ್ಲಿ ಖಾಲಿ ಇರುವ ಸೀಟಿಗೆ ಅವರು ಬರುವಂತಿಲ್ಲ. ದಿನಕ್ಕೆ ಹತ್ತು ನಿಮಿಷ ಕ್ಯಾಮೆರಾ ಬಳಸುವವರ ಫೋನ್‌ನಲ್ಲೂ ಆ ಜಾಗ ದಿನದ 24 ಗಂಟೆ ಮೀಸಲಾಗಿಯೇ ಇರುತ್ತದೆ.

8 ಜಿಬಿ ಮೆಮೊರಿಯ ದುಬಾರಿ ಫೋನ್‌ಗೆ ಇದು ದೊಡ್ಡ ನಷ್ಟವಲ್ಲ. ಆದರೆ ನವಿ ಮುಂಬಯಿಯ ಘಣಸೋಲಿಯಲ್ಲಿ ಕೇಂದ್ರ ಹೊಂದಿರುವ ರಿಲಯನ್ಸ್ ಜಿಯೋ 2017ರ ಜುಲೈ 21ರಂದು ಘೋಷಿಸಿದ ಜಿಯೋಫೋನ್ ನೆನಪಿದೆಯೇ? 1,500 ರೂಪಾಯಿ ಠೇವಣಿಗೆ ಸಿಕ್ಕ ಆ ಫೋನ್‌ನಲ್ಲಿದ್ದದ್ದು 512 ಎಂಬಿ ಮೆಮೊರಿ. ಅದರಲ್ಲಿದ್ದ ಕೈಒಎಸ್ ಕೂಡ ಲಿನಕ್ಸ್ ಕರ್ನಲ್ ಮೇಲೆಯೇ ನಿಂತದ್ದು. ಹಿಂದೆ 2 ಮೆಗಾಪಿಕ್ಸೆಲ್ ಕ್ಯಾಮೆರಾ, ಮುಂದೊಂದು ಪುಟ್ಟ ಕ್ಯಾಮೆರಾ, ಮುಂದಿನ ವರ್ಷ ವಾಟ್ಸಾಪ್ ಬೇರೆ. ತರಕಾರಿ ಮಾರುವವರಿಂದ ಹಿಡಿದು ಹೋಟೆಲ್ ಕೆಲಸದವರವರೆಗೆ ಲಕ್ಷಾಂತರ ಜನ ಮೊದಲ ಬಾರಿಗೆ ಇಂಟರ್‌ನೆಟ್ ಕಂಡದ್ದು ಇಂಥ ಫೋನ್‌ಗಳಲ್ಲಿ.

ಉದಾಹರಣೆಗೆ, 512 ಎಂಬಿಯ ಯಾವುದೇ ಫೋನ್‌ನಲ್ಲಿ 64 ಎಂಬಿ ಬೇರೆ ತೆಗೆದಿಟ್ಟರೆ ಎಂಟನೇ ಒಂದು ಭಾಗ ಹೋದಂತೆ. ನೆಟ್‌ವರ್ಕ್ ನೋಡಿಕೊಳ್ಳುವ ಮೋಡೆಮ್‌ಗೆ, ಭದ್ರತಾ ವ್ಯವಸ್ಥೆಗೆ ಮೀಸಲಿಡುವ ಜಾಗ ಇದಕ್ಕೆ ಹೊರತಾದದ್ದು. ಉಳಿದದ್ದರಲ್ಲಿ ಸಂಸಾರ ನಡೆಯಬೇಕು. ಬಡವರ ಫೋನ್‌ನಲ್ಲಿ ಒಂದೊಂದು ಎಂಬಿಗೂ ಲೆಕ್ಕವಿದೆ. ಹಾಗಾಗಿ ಮೆಮೊರಿ ಹಂಚಿಕೆಯ ವಿನ್ಯಾಸ ಎಂಬುದು ಕೇವಲ ಎಂಜಿನಿಯರ್‌ಗಳ ಚರ್ಚೆಯಲ್ಲ. ಫೋನಿನ ಬೆಲೆ ಎಷ್ಟಕ್ಕೆ ಇಳಿಯಬಹುದು, ಆ ಬೆಲೆಗೆ ಅದು ಎಷ್ಟು ಕೆಲಸ ಮಾಡಬಹುದು ಎಂಬುದನ್ನೂ ಅದು ನಿರ್ಧರಿಸುತ್ತದೆ.

ಎರಡನೇ ದಾರಿ: ಬಂದಾಗ ಎದ್ದು ಕೊಡಿ

ಎನ್‌ಎಂಎಂಟಿ ಬಸ್‌ನಲ್ಲಿ ಹಿರಿಯ ನಾಗರಿಕರ ಸೀಟು ಖಾಲಿ ಇದ್ದರೆ ನಾವು ಕೂರುತ್ತೇವೆ. ಮುಂದಿನ ಸ್ಟಾಪ್‌ನಲ್ಲಿ ಅಜ್ಜನೊಬ್ಬ ಹತ್ತಿದರೆ ಎದ್ದು ಕೊಡುತ್ತೇವೆ. ಸೀಟು ಮೀಸಲೂ ಹೌದು, ವ್ಯರ್ಥವೂ ಅಲ್ಲ.

ಇದೇ ಉಪಾಯವನ್ನು ಲಿನಕ್ಸ್‌ಗೆ ತಂದವರು ಸ್ಯಾಮ್ಸಂಗ್‌ನಲ್ಲಿದ್ದ ಪೋಲೆಂಡ್‌ನ ಎಂಜಿನಿಯರ್‌ಗಳಾದ ಮಿಹಾವ್ ನಜರೆವಿಚ್ ಮತ್ತು ಮಾರೆಕ್ ಶಿಪ್ರೊವ್‌ಸ್ಕಿ. ಇದರ ಹೆಸರು ಸಿಎಂಎ, ಅಂದರೆ ಕಂಟಿಗ್ಯುಯಸ್ ಮೆಮೊರಿ ಅಲೊಕೇಟರ್. 2012ರ ಜುಲೈನಲ್ಲಿ ಬಂದ ಲಿನಕ್ಸ್ 3.5 ಆವೃತ್ತಿಯಲ್ಲಿ ಇದು ಸೇರಿತು.

ಸಿಎಂಎ ಒಂದು ಪ್ರದೇಶವನ್ನು ಗುರುತು ಮಾಡಿಡುತ್ತದೆ. ಕ್ಯಾಮೆರಾ ಬಳಕೆಯಲ್ಲಿ ಇಲ್ಲದಾಗ ಅಲ್ಲಿ ಬೇರೆಯವರ ಪುಟಗಳು ಕೂರಬಹುದು. ಆದರೆ ಒಂದು ಷರತ್ತು: ಎಬ್ಬಿಸಿದರೆ ಏಳಬಲ್ಲ ಪುಟಗಳು ಮಾತ್ರ. ಆ್ಯಪ್‌ಗಳ ಮಾಹಿತಿ ಇಂಥದ್ದು. ಅದನ್ನು ಬೇರೆಡೆಗೆ ನಕಲು ಮಾಡಿ, ವಿಳಾಸ ಬದಲಿಸಿದರೆ ಆ್ಯಪ್‌ಗೆ ಗೊತ್ತೇ ಆಗುವುದಿಲ್ಲ. ಡ್ರೈವರ್ ಬಂದು 'ನನಗೆ 760 ಪುಟ ಬೇಕು' ಎಂದಾಗ ಕೂತವರನ್ನೆಲ್ಲ ಬೇರೆಡೆಗೆ ಸಾಗಿಸಿ ಜಾಗ ತೆರವು ಮಾಡಲಾಗುತ್ತದೆ.

ತೊಂದರೆ ಇಲ್ಲವೇ? ಇದೆ. ಗಾಡಿ ಗಿಜಿಗುಡುತ್ತಿರುವಾಗ ಎದ್ದವರಿಗೆ ನಿಲ್ಲಲು ಜಾಗ ಬೇಕಲ್ಲ! ಸಾಗಿಸಲು ಸಮಯ ಹಿಡಿಯುತ್ತದೆ. ಕ್ಯಾಮೆರಾ ತೆರೆಯುವುದು ತಡವಾಗಬಹುದು. ಯಾವುದೋ ಕಾರಣಕ್ಕೆ ಒಂದೇ ಒಂದು ಪುಟ ಅಲುಗಾಡದಂತೆ ಅಂಟಿಕೊಂಡಿದ್ದರೂ ಅದು ಇರುವ ಆ ಸಾಲು ಸಿಗುವುದಿಲ್ಲ. ಹಾಗಾಗಿ ಸಿಎಂಎ ಬಂದ ಮೇಲೂ 'ಜಾಗ ಸಿಗಲಿಲ್ಲ' ಎಂಬ ಉತ್ತರಕ್ಕೆ ಡ್ರೈವರ್ ಸಿದ್ಧವಾಗಿಯೇ ಇರಬೇಕು.

ಮೂರನೇ ದಾರಿ: ಚದುರಿದ್ದನ್ನು ಸಾಲಾಗಿ ತೋರಿಸುವುದು

ಆ್ಯಪ್‌ಗಳಿಗೆ ಇರುವ ಸೌಲಭ್ಯವನ್ನೇ ಸಾಧನಗಳಿಗೂ ಕೊಟ್ಟರೆ ಹೇಗೆ? ಇದನ್ನು ಮಾಡುವ ಹಾರ್ಡ್‌ವೇರ್‌ಗೆ ಐಒಎಂಎಂಯು ಎಂದು ಹೆಸರು. ಸಾಧನ ಮತ್ತು ಮೆಮೊರಿಯ ನಡುವೆ ಕೂತ ಇದು, 'ನಿನ್ನ ಸೀಟು 1ರಿಂದ 760' ಎಂದು ಸಾಧನಕ್ಕೆ ಹೇಳುತ್ತದೆ. ನಿಜವಾದ ಪುಟಗಳು ಎಲ್ಲೆಲ್ಲಿ ಚದುರಿವೆ ಎಂಬ ಪಟ್ಟಿ ಅದರ ಕೈಯಲ್ಲಿರುತ್ತದೆ. ಆಗ ಒಂದೇ ಸಾಲಿನ ಜಾಗ ಹುಡುಕುವ ಕಷ್ಟವೇ ಇಲ್ಲ.

ಇದರ ಇನ್ನೊಂದು ಲಾಭ ಸುರಕ್ಷತೆ. ಪಟ್ಟಿಯಲ್ಲಿ ಇಲ್ಲದ ಜಾಗವನ್ನು ಸಾಧನ ಮುಟ್ಟಲಾರದು. ಐಒಎಂಎಂಯು ಇಲ್ಲದ ಕಡೆ, ತಪ್ಪು ವಿಳಾಸ ಪಡೆದ ಸಾಧನ ಯಾರ ಮಾಹಿತಿಯ ಮೇಲೆ ಬೇಕಾದರೂ ಬರೆದುಬಿಡಬಹುದು. ಪ್ರೊಸೆಸರ್‌ನ ಕಾವಲು ಅಲ್ಲಿ ನಡೆಯುವುದಿಲ್ಲ.

ನವಿ ಮುಂಬಯಿಯ ಐರೋಲಿ, ರಬಾಳೆ, ಮಹಾಪೆ ಕಡೆ ಹೋದವರು ಕಿಟಕಿಗಳಿಲ್ಲದ ದೊಡ್ಡ ದೊಡ್ಡ ಡೇಟಾ ಸೆಂಟರ್ ಕಟ್ಟಡಗಳನ್ನು ನೋಡಿರುತ್ತೀರಿ. ಇಂಥ ಕಡೆ ಒಂದೇ ಸರ್ವರ್‌ನಲ್ಲಿ ಹಲವು ಗ್ರಾಹಕರ ವರ್ಚುವಲ್ ಯಂತ್ರಗಳು ಓಡಬಹುದು. ಒಬ್ಬ ಗ್ರಾಹಕನ ಯಂತ್ರಕ್ಕೆ ನೆಟ್‌ವರ್ಕ್ ಕಾರ್ಡನ್ನು ನೇರವಾಗಿ ಕೊಟ್ಟರೂ ಅದು ಪಕ್ಕದವನ ಮೆಮೊರಿ ಓದದಂತೆ ತಡೆಯುವುದು ಇದೇ ಐಒಎಂಎಂಯು. ಆದರೆ ಅಗ್ಗದ ಚಿಪ್‌ಗಳಲ್ಲಿ ಎಲ್ಲ ಸಾಧನಗಳಿಗೂ ಈ ಸೌಲಭ್ಯ ಇರಬೇಕೆಂದಿಲ್ಲ. ಅಲ್ಲಿ ಮೊದಲ ಎರಡು ದಾರಿಗಳೇ ಗತಿ.

ಹಾಗಾದರೆ ಡ್ರೈವರ್ ಕೇಳುವುದು ಹೇಗೆ?

ಈಗ ಅಸಲಿ ಪ್ರಶ್ನೆಗೆ ಬರೋಣ. ಒಂದು ಫೋನ್‌ನಲ್ಲಿ ಪ್ರತ್ಯೇಕ ಬೋಗಿ, ಇನ್ನೊಂದರಲ್ಲಿ ಸಿಎಂಎ, ಮತ್ತೊಂದರಲ್ಲಿ ಐಒಎಂಎಂಯು. ಅದೇ ಕ್ಯಾಮೆರಾ ಚಿಪ್ ಮೂರರಲ್ಲೂ ಇರಬಹುದು. ಪ್ರತಿ ಫೋನ್‌ಗೂ ಡ್ರೈವರನ್ನು ಹೊಸದಾಗಿ ಬರೆಯಬೇಕೇ?

ಬೇಡ ಎನ್ನುವುದಾದರೆ, ಡ್ರೈವರ್ ಮತ್ತು ಮೆಮೊರಿ ವ್ಯವಸ್ಥೆಯ ನಡುವಿನ 'ಮಾತುಕತೆಯ ನಿಯಮ' ಸರಿಯಾಗಿರಬೇಕು. ಇದನ್ನೇ ಇಂಟರ್ಫೇಸ್ ಎನ್ನುವುದು. ಒಳ್ಳೆಯ ಇಂಟರ್ಫೇಸ್‌ನ ಗುಟ್ಟು ಒಂದೇ ಸಾಲಿನಲ್ಲಿ ಹೇಳಬಹುದು: ಡ್ರೈವರ್ ತನಗೆ 'ಏನು ಬೇಕು' ಎಂದು ಹೇಳಬೇಕು, 'ಎಲ್ಲಿ ಬೇಕು' ಎಂದಲ್ಲ.

ಲಿನಕ್ಸ್‌ನಲ್ಲಿ ಇದಕ್ಕಿರುವ ಮುಖ್ಯ ಕರೆ 'ಡಿಎಂಎ ಅಲಾಕ್ ಕೊಹೆರೆಂಟ್'. ಅದಕ್ಕೆ ಡ್ರೈವರ್ ಕೊಡುವುದು ನಾಲ್ಕೇ ವಿಷಯ: ಯಾವ ಸಾಧನಕ್ಕೆ, ಎಷ್ಟು ಗಾತ್ರ, ಸಾಧನದ ವಿಳಾಸ ಬರೆದುಕೊಡಲು ಒಂದು ಜಾಗ, ಮತ್ತು ಕಾಯಲು ಸಾಧ್ಯವೇ ಇಲ್ಲವೇ. ಮರಳಿ ಸಿಗುವುದು ಎರಡು ವಿಳಾಸ. ಒಂದು ಪ್ರೊಸೆಸರ್ ಬಳಸಲು, ಇನ್ನೊಂದು ಸಾಧನ ಬಳಸಲು. ಒಳಗೆ ಸಿಎಂಎ ಇದೆಯೋ, ಐಒಎಂಎಂಯು ಇದೆಯೋ ಡ್ರೈವರ್‌ಗೆ ಗೊತ್ತಾಗುವುದೇ ಇಲ್ಲ. ಗೊತ್ತಾಗಬೇಕಾಗಿಯೂ ಇಲ್ಲ.

ಈ ಪುಟ್ಟ ಕರೆಯ ಹಿಂದೆ ಅಡಗಿರುವ ಪ್ರಶ್ನೆಗಳನ್ನು ನೋಡಿ:

* ಎಲ್ಲಿಯವರೆಗೆ ಕೈ ಚಾಚಬಲ್ಲೆ? ಥಾಣೆ ಲೋಕಲ್ ಥಾಣೆಯವರೆಗೆ ಮಾತ್ರ ಹೋಗುತ್ತದೆ, ಕರ್ಜತ್‌ಗೆ ಹೋಗುವವರು ಅದನ್ನು ನಂಬಿ ಕೂರಲಾಗದು. ಹಾಗೆಯೇ 32 ಬಿಟ್ ವಿಳಾಸ ಮಾತ್ರ ಗೊತ್ತಿರುವ ಸಾಧನ ಮೊದಲ 4 ಜಿಬಿ ದಾಟಿ ಹೋಗಲಾರದು. ಈ ಮಿತಿಯನ್ನು ಡ್ರೈವರ್ ಆರಂಭದಲ್ಲೇ ಒಮ್ಮೆ ಹೇಳಿಬಿಡುತ್ತದೆ. ಮುಂದೆ ಸಿಗುವ ಜಾಗವೆಲ್ಲ ಅದರೊಳಗೇ ಇರುವಂತೆ ನೋಡಿಕೊಳ್ಳುವುದು ವ್ಯವಸ್ಥೆಯ ಹೊಣೆ.

* ಕಾಯುತ್ತೀಯಾ? ಪುಟಗಳನ್ನು ಎಬ್ಬಿಸಿ ಸಾಗಿಸಲು ಸಮಯ ಬೇಕು. ಆದರೆ ತುರ್ತು ಗಳಿಗೆಯಲ್ಲಿರುವ ಡ್ರೈವರ್ ನಿದ್ರಿಸುವಂತಿಲ್ಲ. ಹಾಗಾಗಿ 'ಕಾಯಬಲ್ಲೆ' ಅಥವಾ 'ಈಗಲೇ ಬೇಕು, ಇಲ್ಲದಿದ್ದರೆ ಇಲ್ಲ ಎನ್ನು' ಎಂದು ಸ್ಪಷ್ಟವಾಗಿ ಹೇಳಬೇಕು.

* ಇಬ್ಬರಿಗೂ ಒಂದೇ ಲೆಕ್ಕ ಕಾಣಬೇಕೇ? ಪ್ರೊಸೆಸರ್ ಇತ್ತೀಚೆಗೆ ಮುಟ್ಟಿದ ಮಾಹಿತಿಯನ್ನು ತನ್ನ ಬಳಿಯ 'ಕ್ಯಾಶ್'ನಲ್ಲಿ ಇಟ್ಟುಕೊಂಡಿರುತ್ತದೆ. ಬ್ಯಾಂಕಿನಲ್ಲಿ ಹಣ ಜಮೆಯಾಗಿದ್ದರೂ ಪಾಸ್‌ಬುಕ್ ಎಂಟ್ರಿ ಆಗದಿದ್ದರೆ ಹಳೆಯ ಮೊತ್ತವೇ ಕಾಣುವುದಿಲ್ಲವೇ? ಹಾಗೆಯೇ ಸಾಧನ ಹೊಸ ಚಿತ್ರ ಬರೆದಿದ್ದರೂ ಪ್ರೊಸೆಸರ್‌ಗೆ ಹಳೆಯದೇ ಕಂಡೀತು. ಇಬ್ಬರಿಗೂ ಸದಾ ಒಂದೇ ಲೆಕ್ಕ ಕಾಣುವ ಜಾಗ ಬೇಕೇ, ಅಥವಾ ಕೈಬದಲಾದಾಗ ಮಾತ್ರ 'ಎಂಟ್ರಿ' ಮಾಡಿಸಿದರೆ ಸಾಕೇ ಎಂದು ಡ್ರೈವರ್ ಆರಿಸಿಕೊಳ್ಳಬೇಕು.

* ಈಗ ಇದು ಯಾರದ್ದು? ಎರಡನೇ ಬಗೆಯಲ್ಲಿ ಜಾಗವನ್ನು ಸಾಧನಕ್ಕೆ ಒಪ್ಪಿಸಿದ ಮೇಲೆ ಮರಳಿ ಪಡೆಯುವವರೆಗೆ ಪ್ರೊಸೆಸರ್ ಅದನ್ನು ಮುಟ್ಟಬಾರದು. ಮಾಹಿತಿ ಸಾಧನಕ್ಕೆ ಹೋಗುತ್ತಿದೆಯೋ, ಸಾಧನದಿಂದ ಬರುತ್ತಿದೆಯೋ ಎಂದೂ ಹೇಳಬೇಕು.

ಹಳೆಯ ಕಾಲದ ಡ್ರೈವರ್‌ಗಳು ಇದ್ಯಾವುದನ್ನೂ ಕೇಳದೆ, ಪ್ರೊಸೆಸರ್‌ನ ವಿಳಾಸವನ್ನು ತಾವೇ ಕೂಡಿ ಕಳೆದು ಸಾಧನದ ವಿಳಾಸ ಮಾಡಿಕೊಳ್ಳುತ್ತಿದ್ದವು. ಒಂದು ಬಗೆಯ ಯಂತ್ರದಲ್ಲಿ ಅದು ನಡೆಯುತ್ತಿತ್ತು. ಯಂತ್ರ ಬದಲಾದರೆ ಡ್ರೈವರ್ ಮಲಗುತ್ತಿತ್ತು.

ಥಾಣೆಯಲ್ಲಿ ಗಾಡಿ ಬದಲಿಸುವ ಕಷ್ಟ

ವಿಡಿಯೊ ಕಾಲ್‌ನಲ್ಲಿ ಒಂದೇ ಸಾಧನ ಕೆಲಸ ಮಾಡುವುದಿಲ್ಲ. ಕ್ಯಾಮೆರಾ ಸೆರೆಹಿಡಿದದ್ದನ್ನು ವಿಡಿಯೊ ಚಿಪ್ ಸಂಕುಚಿಸಬೇಕು, ಪರದೆಯೂ ತೋರಿಸಬೇಕು. ಪ್ರತಿಯೊಂದಕ್ಕೂ ಬೇರೆ ಡ್ರೈವರ್. ಪ್ರತಿಯೊಬ್ಬರೂ ತಮ್ಮದೇ ಜಾಗ ಪಡೆದು ಒಬ್ಬರಿಂದ ಒಬ್ಬರಿಗೆ ನಕಲು ಮಾಡುತ್ತಾ ಹೋದರೆ? ಫುಲ್ ಎಚ್‌ಡಿ ಫ್ರೇಮ್ 3.1 ಎಂಬಿ, ಸೆಕೆಂಡಿಗೆ 30 ಫ್ರೇಮ್. ಒಂದು ಬಾರಿ ನಕಲಿಗೆ ಸೆಕೆಂಡಿಗೆ ಸುಮಾರು 93 ಎಂಬಿ ಓದಿ, ಅಷ್ಟನ್ನೇ ಮತ್ತೆ ಬರೆಯಬೇಕು. ಬ್ಯಾಟರಿ ಬಿಸಿಯಾಗದೆ ಇನ್ನೇನು?

ಡೊಂಬಿವಲಿಯಿಂದ ವಾಶಿಗೆ ಹೋಗುವವರು ಥಾಣೆಯಲ್ಲಿ ಇಳಿದು, ಸೇತುವೆ ಹತ್ತಿ, ಟ್ರಾನ್ಸ್ ಹಾರ್ಬರ್ ಗಾಡಿ ಹಿಡಿಯುವ ಪಾಡು ಇದು. ನೇರ ಗಾಡಿ ಇದ್ದರೆ ಎಷ್ಟು ಚೆನ್ನ ಎಂದು ದಿನವೂ ಅನಿಸುವುದಿಲ್ಲವೇ?

2011ರ ಹೊತ್ತಿಗೆ ಪರಿಸ್ಥಿತಿ ಹೇಗಿತ್ತೆಂದರೆ, ಚಿಪ್ ತಯಾರಕರೆಲ್ಲ ತಮ್ಮ ತಮ್ಮದೇ ಪರಿಹಾರ ಮಾಡಿಕೊಂಡಿದ್ದರು. ಕ್ವಾಲ್ಕಾಮ್ ಚಿಪ್‌ಗಳಲ್ಲಿ ಪಿಮೆಮ್, ಎನ್‌ವಿಡಿಯಾದಲ್ಲಿ ಎನ್‌ವಿಮ್ಯಾಪ್, ಟೆಕ್ಸಾಸ್ ಇನ್ಸ್ಟ್ರುಮೆಂಟ್ಸ್‌ನಲ್ಲಿ ಸಿಮೆಮ್. ಒಂದರ ಭಾಷೆ ಇನ್ನೊಂದಕ್ಕೆ ಬಾರದು. ಗೂಗಲ್ 'ಅಯಾನ್' ಎಂಬ ಹಂಚಿಕೆದಾರನನ್ನು ಆಂಡ್ರಾಯ್ಡ್ 4.0 ಜೊತೆ ತಂದು ಎಲ್ಲರನ್ನೂ ಒಂದೇ ಬಾಗಿಲಿಗೆ ಕರೆತರಲು ನೋಡಿತು.

ಅದೇ ವೇಳೆಗೆ ಲಿನಾರೋ ಬಳಗದ ಭಾರತೀಯ ಎಂಜಿನಿಯರ್ ಸುಮಿತ್ ಸೆಮ್ವಾಲ್ 'ಡಿಎಂಎ ಬಫ್' ಎಂಬ ವ್ಯವಸ್ಥೆಯನ್ನು ಬರೆದರು. ಆರ್ನ್ಡ್ ಬರ್ಗ್‌ಮನ್, ರಾಬ್ ಕ್ಲಾರ್ಕ್, ಡೇನಿಯಲ್ ವೆಟ್ಟರ್ ಅದನ್ನು ತಿದ್ದಿ ತೀಡಲು ನೆರವಾದರು. 2012ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ 3.3ರಲ್ಲಿ ಅದು ಸೇರಿತು. ಇಂದು ಆಂಡ್ರಾಯ್ಡ್ ಫೋನ್‌ಗಳಿಂದ ಹಿಡಿದು ಲಿನಕ್ಸ್ ಲ್ಯಾಪ್‌ಟಾಪ್‌ಗಳವರೆಗೆ ಚಿತ್ರ, ವಿಡಿಯೊಗಳು ಒಂದು ಸಾಧನದಿಂದ ಇನ್ನೊಂದಕ್ಕೆ ನಕಲಿಲ್ಲದೆ ಸಾಗುವುದು ಇದರ ಮೂಲಕವೇ.

ಇದರಲ್ಲಿರುವ ಒಂದು ಜಾಣತನ ಗಮನಿಸಬೇಕಾದದ್ದು. ಜಾಗ ಬಳಸುವ ಮೊದಲು ಪ್ರತಿ ಸಾಧನವೂ ಬಂದು 'ನಾನೂ ಇದ್ದೇನೆ' ಎಂದು ಹೆಸರು ಬರೆಸಬೇಕು. ಬಳಕೆ ಶುರುವಾಗುವುದು ಆ ನಂತರದ ಹೆಜ್ಜೆಯಲ್ಲಿ. ಏಕೆಂದರೆ ಎಲ್ಲರ ಮಿತಿಗಳು ಗೊತ್ತಾದ ಮೇಲಷ್ಟೇ ಎಲ್ಲರಿಗೂ ಹೊಂದುವ ಜಾಗ ಆರಿಸಲು ಸಾಧ್ಯ. ಮನೆಗೆ ಬರುವವರಲ್ಲಿ ಯಾರು ಈರುಳ್ಳಿ ತಿನ್ನುವುದಿಲ್ಲ, ಯಾರಿಗೆ ಖಾರ ಆಗದು ಎಂದು ಕೇಳಿಕೊಂಡು ಅಡುಗೆಗೆ ಇಳಿದಂತೆ!

ಒಂದೇ ಬಾಗಿಲು ಹೋಗಿ ಹಲವು ಬಾಗಿಲು

ಅಯಾನ್‌ಗೆ ಏನಾಯಿತು? ಅದು ಲಿನಕ್ಸ್ ಮೂಲಕ್ಕೆ ಬಂದರೂ ಪ್ರಯೋಗದ ಅಂಗಳವಾದ 'ಸ್ಟೇಜಿಂಗ್' ದಾಟಿ ಒಳಗೆ ಹೋಗಲೇ ಇಲ್ಲ. ಎಲ್ಲ ಬಗೆಯ ಮೆಮೊರಿಗೂ ಅದರಲ್ಲಿ ಒಂದೇ ಬಾಗಿಲು. ಆ ಬಾಗಿಲು ತೆರೆಯಲು ಅನುಮತಿ ಸಿಕ್ಕ ತಂತ್ರಾಂಶ ಒಳಗಿರುವ ಯಾವ ಸಂಗ್ರಹದಿಂದಲೂ ಕೇಳಬಹುದಿತ್ತು. ಜೊತೆಗೆ ಪ್ರತಿ ಕಂಪನಿಯೂ ತನ್ನದೇ ಸಂಗ್ರಹ, ತನ್ನದೇ ಸಂಕೇತ ಸೇರಿಸಿಕೊಂಡಿತ್ತು. ಬಾಗಿಲು ಒಂದೇ ಆದರೂ ಒಳಗಿನ ಭಾಷೆ ಮತ್ತೆ ಬೇರೆ ಬೇರೆ.

ಅದರ ಜಾಗಕ್ಕೆ 'ಡಿಎಂಎ ಬಫ್ ಹೀಪ್ಸ್' 2020ರ ಮಾರ್ಚ್‌ನ ಲಿನಕ್ಸ್ 5.6ರಲ್ಲಿ ಬಂತು. ಇಲ್ಲಿ ಪ್ರತಿ ಸಂಗ್ರಹಕ್ಕೂ ಬೇರೆ ಬಾಗಿಲು, ಬೇರೆ ಹೆಸರು. ಯಾವ ತಂತ್ರಾಂಶಕ್ಕೆ ಯಾವ ಬಾಗಿಲು ಎಂದು ಪ್ರತ್ಯೇಕವಾಗಿ ಅನುಮತಿ ಕೊಡಬಹುದು. 2021ರಲ್ಲಿ ಬಂದ ಲಿನಕ್ಸ್ 5.11ರಲ್ಲಿ ಅಯಾನ್‌ನನ್ನು ತೆಗೆದುಹಾಕಲಾಯಿತು. ಆಂಡ್ರಾಯ್ಡ್ 12ರ ಹೊತ್ತಿಗೆ ಗೂಗಲ್ ಕೂಡ ತನ್ನ ಸಾಮಾನ್ಯ ಕರ್ನಲ್‌ನಲ್ಲಿ ಹೊಸ ವ್ಯವಸ್ಥೆಗೆ ಬದಲಾಯಿತು.

ಪಡೆಯುವುದಕ್ಕಿಂತ ಮರಳಿಸುವುದು ಕಷ್ಟ

ಜಾಗ ಕೇಳುವುದರಲ್ಲಿ ಇಷ್ಟೆಲ್ಲ ಇದ್ದರೆ, ಮರಳಿಸುವುದರಲ್ಲಿ ಇನ್ನೂ ದೊಡ್ಡ ಅಪಾಯವಿದೆ. ಡ್ರೈವರ್ ಮೆಮೊರಿಯನ್ನು ಮರಳಿಸಿತು, ಆದರೆ ಕ್ಯಾಮೆರಾಗೆ 'ನಿಲ್ಲು' ಎಂದು ಹೇಳಲು ಮರೆಯಿತು ಎಂದುಕೊಳ್ಳಿ. ಆ ಜಾಗವನ್ನು ಕರ್ನಲ್ ನಿಮ್ಮ ಬ್ಯಾಂಕ್ ಆ್ಯಪ್‌ಗೆ ಕೊಟ್ಟುಬಿಡುತ್ತದೆ. ಕ್ಯಾಮೆರಾ ಮಾತ್ರ ತನ್ನ ಪಾಡಿಗೆ ಅಲ್ಲೇ ಬರೆಯುತ್ತಿರುತ್ತದೆ! ಫೋನ್ ಕಾರಣವೇ ತಿಳಿಯದಂತೆ ಬಿದ್ದುಹೋಗುತ್ತದೆ. ಇಂಥ ದೋಷಗಳನ್ನೇ ಹುಡುಕಿ ದಾಳಿ ಮಾಡುವವರೂ ಇದ್ದಾರೆ.

ಹಾಗಾಗಿ ಡ್ರೈವರ್ ಬರೆಯುವವರಿಗೆ ಮೊದಲ ಪಾಠ: ಮೊದಲು ಸಾಧನ ನಿಲ್ಲಿಸು, ಅದು ನಿಂತಿದೆಯೆಂದು ಖಚಿತಪಡಿಸಿಕೋ, ನಂತರ ಜಾಗ ಮರಳಿಸು. ಮನುಷ್ಯರು ಮರೆಯುತ್ತಾರೆ ಎಂದು ಒಪ್ಪಿಕೊಂಡೇ ಇಂಟರ್ಫೇಸ್ ರೂಪಿಸಬೇಕು. ಲಿನಕ್ಸ್‌ನಲ್ಲಿ ಡ್ರೈವರ್ ಹೊರಹೋದಾಗ ಜಾಗ ತಾನಾಗಿಯೇ ಮರಳುವಂತೆ ಮಾಡುವ ಕರೆಗಳಿವೆ. ಡಿಎಂಎ ಬಫ್‌ನಲ್ಲಿ ಎಷ್ಟು ಜನ ಬಳಸುತ್ತಿದ್ದಾರೆ ಎಂಬ ಎಣಿಕೆ ಇದ್ದು, ಕೊನೆಯವನು ಬಿಟ್ಟ ಮೇಲಷ್ಟೇ ಜಾಗ ತೆರವಾಗುತ್ತದೆ. ಹೊಸಬರಿಗೆ ಕೊಡುವ ಮುನ್ನ ಹಳೆಯ ಮಾಹಿತಿ ಅಳಿಸುವುದೂ ಇದೇ ಎಚ್ಚರಿಕೆಯ ಭಾಗ. ಇಲ್ಲದಿದ್ದರೆ ನಿಮ್ಮ ಹಿಂದಿನ ಫೋಟೊದ ತುಣುಕು ಇನ್ಯಾವುದೋ ಆ್ಯಪ್‌ನ ಕೈಸೇರೀತು.

ನೀವೇ ನೋಡಬಹುದು!

ಮನೆಯಲ್ಲಿ ಎಂಜಿನಿಯರಿಂಗ್ ಓದುವ ಮಕ್ಕಳಿದ್ದು, ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಇದ್ದರೆ ಇದನ್ನು ಕಣ್ಣಾರೆ ಕಾಣಬಹುದು. 'ಪ್ರಾಕ್' ಫೋಲ್ಡರ್‌ನಲ್ಲಿರುವ 'ಬಡ್ಡಿಇನ್ಫೋ' ಎಂಬ ಕಡತ ತೆರೆಯಿರಿ. ಎಡಗಡೆಯ ಮೊದಲ ಸಂಖ್ಯೆ ಒಂಟಿ ಪುಟಗಳದ್ದು, ಬಲಕ್ಕೆ ಹೋದಂತೆ ದೊಡ್ಡ ದೊಡ್ಡ ಗುಂಪುಗಳು. ಲ್ಯಾಪ್‌ಟಾಪ್ ಆನ್ ಮಾಡಿದ ತಕ್ಷಣ ಒಮ್ಮೆ, ದಿನವಿಡೀ ಬ್ರೌಸರ್ ಬಳಸಿದ ಮೇಲೆ ಇನ್ನೊಮ್ಮೆ ನೋಡಿ. ಬಲತುದಿಯ ಸಂಖ್ಯೆ ಕುಸಿದಿದ್ದರೆ, ಐದು ಜನರ ಕುಟುಂಬಕ್ಕೆ ಸೀಟಿಲ್ಲ ಎಂದರ್ಥ. ಅದೇ ಫೋಲ್ಡರ್‌ನ 'ಮೆಮ್‌ಇನ್ಫೋ' ಕಡತದಲ್ಲಿ, ಸಿಎಂಎ ಬಳಸುವ ಯಂತ್ರವಾದರೆ, ಅದಕ್ಕೆ ಗುರುತಿಟ್ಟ ಒಟ್ಟು ಜಾಗ ಮತ್ತು ಈಗ ಖಾಲಿ ಇರುವುದು ಎರಡೂ ಕಾಣುತ್ತವೆ.

ಎಲ್ಲ ಬಗೆಹರಿಯಿತೇ ಎಂದರೆ ಇಲ್ಲ. ಎಲ್ಲ ಸಾಧನಗಳ ಮಿತಿ ಕೇಳಿ, ಸರಿಯಾದ ಜಾಗವನ್ನು ತಾನಾಗಿಯೇ ಆರಿಸುವ ಕೆಲಸ ಇನ್ನೂ ಪೂರ್ತಿ ಆಗಿಲ್ಲ. ಯಾವ ಬಾಗಿಲು ತಟ್ಟಬೇಕೆಂದು ಇವತ್ತಿಗೂ ಕೇಳುವ ತಂತ್ರಾಂಶವೇ ತಿಳಿದಿರಬೇಕು. ಅಂದರೆ 'ಏನು ಬೇಕು ಎಂದಷ್ಟೇ ಹೇಳು' ಎಂಬ ತತ್ವಕ್ಕೆ ಲಿನಕ್ಸ್ ಇನ್ನೂ ಅರ್ಧ ದಾರಿಯಲ್ಲಿದೆ. ಲಿನಕ್ಸ್ ಮುಕ್ತ ತಂತ್ರಾಂಶವಾದ್ದರಿಂದ ಈ ಉಳಿದ ಅರ್ಧ ದಾರಿ ಯಾರಿಗೆ ಬೇಕಾದರೂ ತೆರೆದಿದೆ. ಡೊಂಬಿವಲಿಯ ಒಂದು ಕೋಣೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ ವಿದ್ಯಾರ್ಥಿಗೂ.

ಮುಂದಿನ ಬಾರಿ ಫೋನ್ ಕೊಳ್ಳುವಾಗ 'ಎಷ್ಟು ಜಿಬಿ' ಎಂದು ಕೇಳುವುದು ಸರಿಯೇ. ಆದರೆ ಆ ಸಂಖ್ಯೆ ಅರ್ಧ ಕಥೆ ಮಾತ್ರ. ಸೀಟು ಎಷ್ಟಿವೆ ಎಂಬುದರಷ್ಟೇ ಯಾರು ಯಾವಾಗ ಕೂರುತ್ತಾರೆ, ಬಂದವರಿಗೆ ಯಾರು ಎದ್ದು ಕೊಡುತ್ತಾರೆ ಎಂಬುದೂ ಮುಖ್ಯ ಎಂದು ದಿನವೂ ಲೋಕಲ್ ಹತ್ತುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ!